ಮಳೆಗಾಲದಲ್ಲಿ ಕಾರು: ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ, ನೀರು ಹೊಕ್ಕಾಗ ಮಾಡಬಾರದ ಕೆಲಸ

ಕಾರಿನ ಸರ್ವಿಸನ್ನು ಕಿಲೋಮೀಟರಿನ ಲೆಕ್ಕದಲ್ಲಿ ಮಾಡಿಸುವ ನಾವು ಮಳೆ ನಕ್ಷತ್ರದ ಲೆಕ್ಕದಲ್ಲಿಯೂ ವರ್ಷಕ್ಕೊಮ್ಮೆ ಅದರ ಬಾನೆಟ್ ಎತ್ತಿ ನೋಡುವುದು ಒಳ್ಳೆಯದು. ರೋಹಿಣಿ ಮಳೆ ಹಿಡಿಯುವ ಮೊದಲು, ಅಂದರೆ ಮೇ ತಿಂಗಳ ಮೂರನೆಯ ವಾರದೊಳಗೆ, ಒಂದು ಭಾನುವಾರದ ಬೆಳಗಿನ ಹೊತ್ತನ್ನು ಇದಕ್ಕೆ ಮೀಸಲಿಟ್ಟರೆ ಅಕ್ಟೋಬರ್‌ವರೆಗೆ ಬರಬಹುದಾದ ತೊಂದರೆಗಳಲ್ಲಿ ಹೆಚ್ಚಿನವು ತಪ್ಪುತ್ತವೆ. ತೀರ್ಥಹಳ್ಳಿಗೂ ಬೆಂಗಳೂರಿಗೂ ನಡುವೆ ಅನೇಕ ಮಳೆಗಾಲಗಳಲ್ಲಿ ಓಡಾಡಿದ ಮೇಲೆ ನನಗೆ ಮನವರಿಕೆಯಾಗಿರುವ ಸಂಗತಿಯೆಂದರೆ, ಮೇಲಿನಿಂದ ಸುರಿದು ಹರಿದು ಹೋಗುವ ನೀರನ್ನು ಕಾರು ಸಲೀಸಾಗಿ ತಾಳಿಕೊಳ್ಳುತ್ತದೆ. ಇಳಿದು ಹೋಗಲು ದಾರಿ ಸಿಗದೆ ನಿಂತ ನೀರು ಅದನ್ನು ಕೆಡಿಸುತ್ತದೆ. ಆ ನೀರು ಬಾನೆಟ್ಟಿನ ಅಂಚಿನಲ್ಲಿ ನಿಂತಿರಬಹುದು, ಬ್ರೇಕ್ ಆಯಿಲ್ಲಿನಲ್ಲಿ ತೇವವಾಗಿ ಸೇರಿರಬಹುದು, ಅಂಡರ್‌ಪಾಸಿನಲ್ಲಿ ಮಡುಗಟ್ಟಿರಬಹುದು. ಈ ಬರಹದ ಕ್ರಮವೂ ಅದೇ.

ನೀರು ಇಳಿಯುವ ರಂಧ್ರಗಳು

ಮುಂದಿನ ಗಾಜಿನ ಬುಡದಲ್ಲಿ, ವೈಪರ್‌ಗಳು ಕೂರುವ ಜಾಗದಲ್ಲಿ, ಕಪ್ಪು ಪ್ಲಾಸ್ಟಿಕ್ಕಿನ ಜಾಲರಿಯೊಂದಿರುತ್ತದೆ. ಗಾಜಿನ ಮೇಲೆ ಬಿದ್ದ ನೀರೆಲ್ಲ ಆ ಜಾಲರಿಯ ಮೂಲಕ ಒಂದು ತೊಟ್ಟಿಗೆ ಇಳಿದು, ಎರಡೂ ಬದಿಯ ರಂಧ್ರಗಳಿಂದ ಚಕ್ರದ ಹಿಂಬದಿಗೆ ಸುರಿದುಹೋಗುತ್ತದೆ. ಎ.ಸಿ.ಗೆ ಹೊರಗಿನ ಗಾಳಿ ಎಳೆದುಕೊಳ್ಳುವ ಬಾಯಿಯೂ ಸಾಮಾನ್ಯವಾಗಿ ಅಲ್ಲಿಯೇ ಇರುವುದರಿಂದ, ರಂಧ್ರ ಕಟ್ಟಿದರೆ ತೊಟ್ಟಿ ತುಂಬಿ ನೀರು ನೇರವಾಗಿ ಕಾರಿನೊಳಗೆ ಬರುತ್ತದೆ. ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುವ ಕಾರುಗಳಿಗೆ ಈ ತೊಂದರೆ ಹೆಚ್ಚು, ಏಕೆಂದರೆ ಬೇಸಿಗೆಯಲ್ಲಿ ಉದುರುವ ಹೊಂಗೆ ಹೂವಿನ ಸಣ್ಣ ಎಸಳುಗಳು ಜಾಲರಿಯಲ್ಲಿ ಸಲೀಸಾಗಿ ನುಸುಳುತ್ತವೆ. ಒಮ್ಮೆ ನನ್ನ ಕಾರಿನಲ್ಲಿ ಎಡಗಡೆಯ ಸೀಟಿನ ಕೆಳಗಿನ ಮ್ಯಾಟ್ ಎತ್ತಿದಾಗ ಕಾರ್ಪೆಟ್ಟು ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು. ಮೆಕ್ಯಾನಿಕ್ ಜಾಲರಿ ಬಿಚ್ಚಿ, ಹಳೆಯ ಕ್ಲಚ್ ಕೇಬಲ್ಲಿನ ತುಂಡನ್ನು ರಂಧ್ರಕ್ಕೆ ತೂರಿಸಿ, ಕೊಳೆತು ಕಾಫಿ ಚರಟದಂತಾಗಿದ್ದ ಹೂವಿನ ಮುದ್ದೆಯನ್ನು ಎರಡು ಬೊಗಸೆ ತೆಗೆದಿಟ್ಟರು. ಅದಕ್ಕೆ ಅವರು ತೆಗೆದುಕೊಂಡದ್ದು ಇನ್ನೂರು ರೂಪಾಯಿ. ಕಾರ್ಪೆಟ್ಟು ಒಣಗಲು ಹಿಡಿದದ್ದು ಒಂಬತ್ತು ದಿನ.

ಈ ಜಾಗವನ್ನು ಪರೀಕ್ಷಿಸಲು ಒಂದು ಚೊಂಬು ನೀರು ಸಾಕು. ಜಾಲರಿಯ ಮೇಲೆ ನಿಧಾನವಾಗಿ ಸುರಿದು, ಮುಂದಿನ ಚಕ್ರಗಳ ಹಿಂದೆ ಎರಡೂ ಬದಿಯಲ್ಲಿ ಅದು ಕೂಡಲೇ ಇಳಿಯುತ್ತದೆಯೇ ನೋಡಿರಿ. ಮೇಲ್ಛಾವಣಿಗೆ ಗಾಜಿನ ಕಿಂಡಿ, ಅಂದರೆ ಸನ್‌ರೂಫ್ ಇದ್ದರೆ ಅದನ್ನು ತೆರೆದು ಮೂಲೆಗಳಲ್ಲಿರುವ ಸಣ್ಣ ರಂಧ್ರಗಳಿಗೂ ಹೀಗೆಯೇ ಸ್ವಲ್ಪ ನೀರು ಬಿಡಬೇಕು. ಆದರೆ ಅಲ್ಲಿ ತಂತಿ ತೂರಿಸಬಾರದು, ಒಳಗಿನ ರಬ್ಬರ್ ಕೊಳವೆ ಕಳಚಿಕೊಂಡರೆ ಛಾವಣಿಯ ಬಟ್ಟೆಯನ್ನೇ ಇಳಿಸಬೇಕಾಗುತ್ತದೆ. ಬಾಗಿಲುಗಳ ಕೆಳ ಅಂಚಿನಲ್ಲಿಯೂ ಇಂಥ ಸೀಳುಗಳಿವೆ. ಬಾಗಿಲು ಹಾಕುವಾಗ ಒಳಗೆ ನೀರು ತುಳುಕಿದ ಸದ್ದು ಕೇಳಿದರೆ ಅವು ಮಣ್ಣಿನಿಂದ ಮುಚ್ಚಿವೆ ಎಂದು ತಿಳಿಯಬೇಕು. ಇನ್ನು ಎ.ಸಿ. ಹಾಕಿ ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಆರೋಗ್ಯದ ಲಕ್ಷಣ. ತೊಟ್ಟಿಕ್ಕದಿದ್ದರೆ ಆ ನೀರು ಕಾರಿನೊಳಗೆ ಸೇರುತ್ತಿರಬಹುದು.

ಗಾಜು ಮಸುಕಾದಾಗ

ವೈಪರ್ ರಬ್ಬರು ಮಳೆಯಲ್ಲಿ ಸವೆಯುವುದಕ್ಕಿಂತ ಏಪ್ರಿಲ್ ಬಿಸಿಲಿನಲ್ಲಿ ಗಟ್ಟಿಯಾಗಿ ಕೆಡುವುದೇ ಹೆಚ್ಚು. ಗೆರೆ ಬಿಡುತ್ತಿದ್ದರೆ, ಕಿರಗುಟ್ಟುತ್ತಿದ್ದರೆ ವರ್ಷಕ್ಕೊಮ್ಮೆ ಬದಲಿಸಿಬಿಡಿ. ಇದರಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಮಸುಕಿನ ವಿಷಯದಲ್ಲಿ ಗೊಂದಲ ಹೆಚ್ಚು, ಏಕೆಂದರೆ ಅದು ಎರಡು ಬಗೆಯದು ಮತ್ತು ಒಂದಕ್ಕೆ ಮಾಡುವ ಉಪಾಯ ಇನ್ನೊಂದನ್ನು ಹೆಚ್ಚಿಸುತ್ತದೆ. ಮಲೆನಾಡಿನಲ್ಲಿ ಮಳೆ ಹಿಡಿದ ಸಂಜೆ ನೆನೆದ ನಾಲ್ವರು ಕಾರಿನಲ್ಲಿ ಕೂತರೆ ಅವರ ಉಸಿರು ಮತ್ತು ಒದ್ದೆ ಬಟ್ಟೆಯ ತೇವ ತಣ್ಣಗಿರುವ ಗಾಜಿಗೆ ಒಳಗಡೆಯಿಂದ ಕಟ್ಟಿಕೊಳ್ಳುತ್ತದೆ. ಆಗ ಗಾಳಿಯನ್ನು ಮುಂದಿನ ಗಾಜಿನ ಕಡೆಗೆ ತಿರುಗಿಸಿ, ಎ.ಸಿ. ಹಾಕಿ, ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆರಿಸಿ ಹೊರಗಿನ ಗಾಳಿ ಬರುವಂತೆ ಮಾಡಬೇಕು. ಚಳಿಯಾಗುತ್ತದೆಂದು ಎ.ಸಿ. ಆರಿಸುವವರು ಬಹಳ. ಗಾಳಿಯಲ್ಲಿನ ತೇವವನ್ನು ಹಿಂಡಿ ತೆಗೆಯುವುದು ಎ.ಸಿ.ಯೇ ಆದ್ದರಿಂದ ಅದನ್ನು ಚಾಲೂ ಇಟ್ಟುಕೊಂಡು ಉಷ್ಣತೆಯ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿದರೆ ಚಳಿಯೂ ಆಗುವುದಿಲ್ಲ, ಗಾಜೂ ತಿಳಿಯಾಗುತ್ತದೆ. ಕರಾವಳಿಯಲ್ಲಿ ಇದು ತಲೆಕೆಳಗಾಗುತ್ತದೆ. ಮಂಗಳೂರಿನ ಸೆಖೆಯಲ್ಲಿ ಎ.ಸಿ.ಯನ್ನು ಪೂರ್ತಿ ತಂಪಿಗೆ ಇಟ್ಟಾಗ ಗಾಜು ಹೊರಗಿನ ಗಾಳಿಗಿಂತ ತಣ್ಣಗಾಗಿ, ಹೊರಮೈಯಲ್ಲಿ ಮಂಜು ಕಟ್ಟುತ್ತದೆ. ಅಲ್ಲಿ ವೈಪರ್ ಒಂದೆರಡು ಸಲ ಆಡಿಸಿ, ಗಾಜಿಗೆ ಹೋಗುವ ಗಾಳಿಯನ್ನು ತಪ್ಪಿಸಿ, ತಂಪನ್ನು ಕಡಿಮೆ ಮಾಡಬೇಕು. ಯಾವ ಬಗೆಯ ಮಸುಕು ಎಂದು ತಿಳಿಯಲು ಗಾಜಿನ ಒಳಬದಿಗೆ ಬೆರಳು ಎಳೆದು ನೋಡಿರಿ. ಗೆರೆ ಮೂಡಿದರೆ ಒಳಗಿನದು, ಮೂಡದಿದ್ದರೆ ಹೊರಗಿನದು.

ಒಳಗಾಜಿನ ಮೇಲೆ ಕೂರುವ ಜಿಡ್ಡು ಮಸುಕನ್ನು ಹೆಚ್ಚು ಹಿಡಿದಿಡುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಳೆಯ ದಿನಪತ್ರಿಕೆಯ ಹಾಳೆಯಿಂದ ಉಜ್ಜುವ ನಮ್ಮ ಮನೆಗಳ ಪದ್ಧತಿಯನ್ನು ಮೀರಿಸುವ ದ್ರಾವಣವನ್ನು ನಾನಂತೂ ಕಂಡಿಲ್ಲ.

ಟಯರು

ಟಯರಿನ ಪಕ್ಕದಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳು ಅಥವಾ ಸಣ್ಣ ತ್ರಿಕೋನವಿರುತ್ತದೆ. ಅದರ ನೇರಕ್ಕೆ ನಡುವಿನ ತೋಡಿನಲ್ಲಿ ಬೆರಳಾಡಿಸಿದರೆ ಅಡ್ಡವಾಗಿ ಒಂದು ಉಬ್ಬು ಸಿಗುತ್ತದೆ. ಟಯರಿನ ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ತೋಡಿನ ಆಳ 1.6 ಮಿಲಿಮೀಟರಿಗೆ ಇಳಿದಿದೆ ಎಂದರ್ಥ. ಅಲ್ಲಿಂದ ಮುಂದೆ ಓಡಿಸುವಂತಿಲ್ಲ. ಆದರೆ ತೋಡುಗಳ ಕೆಲಸ ರಸ್ತೆಯ ನೀರನ್ನು ಬದಿಗೆ ತಳ್ಳುವುದಾದ್ದರಿಂದ ಮಳೆನಾಡಿನವರು 3 ಮಿಲಿಮೀಟರಿಗೇ ಬದಲಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಟಯರಿನ ವಯಸ್ಸನ್ನು ಅದರ ಮೇಲಿನ ನಾಲ್ಕಂಕಿಗಳು ಹೇಳುತ್ತವೆ: 2321 ಎಂದಿದ್ದರೆ 2021ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗಾಳಿಯ ಪ್ರಮಾಣವನ್ನು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿ ನೋಡಿ ಹಾಕಿಸಬೇಕೇ ಹೊರತು ಪಂಕ್ಚರ್ ಅಂಗಡಿಯ ಹುಡುಗನ ಅಂದಾಜಿಗೆ ಬಿಡಬಾರದು.

ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಟಯರು ರಸ್ತೆ ಬಿಟ್ಟು ನೀರಿನ ಪೊರೆಯ ಮೇಲೆ ತೇಲುತ್ತಿದೆ ಎಂದು ತಿಳಿಯಬೇಕು. ಆಗ ಬ್ರೇಕ್ ಒತ್ತದೆ, ಸ್ಟೇರಿಂಗ್ ತಿರುಗಿಸದೆ, ಆಕ್ಸಿಲರೇಟರಿನಿಂದ ಕಾಲು ತೆಗೆದು ನೇರವಾಗಿ ಹಿಡಿದಿದ್ದರೆ ಕ್ಷಣದಲ್ಲಿ ಹಿಡಿತ ಮರಳುತ್ತದೆ.

ಘಾಟಿ ಇಳಿಯುವಾಗ

ಮಳೆಗಾಲದಲ್ಲಿ ಆಗುಂಬೆಯ ಹದಿನಾಲ್ಕು ತಿರುವುಗಳನ್ನಾಗಲಿ, ಕೊಟ್ಟಿಗೆಹಾರದಿಂದ ಕೆಳಗಿನ ಚಾರ್ಮಾಡಿಯನ್ನಾಗಲಿ ಇಳಿಯುವವರು ಮೊದಲು ತಿಳಿಯಬೇಕಾದದ್ದು ಬ್ರೇಕ್ ಆಯಿಲ್ಲಿನ ಸ್ವಭಾವವನ್ನು. ಅದು ಉಪ್ಪಿನಂತೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ಲು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಅದೇ ದರ್ಜೆಗೆ ನಿಗದಿಯಾದ ಮಿತಿ 155 ಡಿಗ್ರಿ. ಎಡೆಬಿಡದೆ ಬ್ರೇಕ್ ತುಳಿಯುತ್ತ ಇಳಿದಾಗ ಡಿಸ್ಕಿನ ಬಿಸಿ ಆಯಿಲ್ಲಿಗೆ ಏರಿ, ಅದು ಕುದಿದು ಒಳಗೆ ಆವಿಯ ಗುಳ್ಳೆಗಳೆದ್ದರೆ ಪೆಡಲು ಸ್ಪಂಜಿನಂತೆ ನೆಲ ಮುಟ್ಟುತ್ತದೆ. ಒತ್ತಡವೆಲ್ಲ ಗುಳ್ಳೆಗಳನ್ನು ಅಮುಕುವುದರಲ್ಲಿಯೇ ಮುಗಿದು ಕಾರು ನಿಲ್ಲುವುದಿಲ್ಲ. ಆದ್ದರಿಂದ ಎಷ್ಟು ಕಡಿಮೆ ಓಡಿಸಿದ್ದರೂ ಎರಡು ವರ್ಷಕ್ಕೊಮ್ಮೆ ಈ ಆಯಿಲ್ಲನ್ನು ಬದಲಿಸಬೇಕು. ಸರ್ವಿಸಿನಲ್ಲಿ ಅದರ ಮಟ್ಟ ನೋಡಿ ಮೇಲೆ ಸುರಿದು ಕಳಿಸುವುದುಂಟು, ಅದು ಬದಲಿಸಿದಂತಲ್ಲ.

ಇಳಿಯುವ ಕ್ರಮ ಹಳೆಯ ಬಸ್ ಚಾಲಕರದೇ: ಯಾವ ಗೇರಿನಲ್ಲಿ ಹತ್ತುತ್ತೀರೋ ಆ ಗೇರಿನಲ್ಲಿಯೇ ಇಳಿಯಿರಿ. ಎರಡನೆಯ ಗೇರಿನಲ್ಲಿ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ. ಬ್ರೇಕನ್ನು ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟರೆ ಸಾಕು. ಆಟೋಮ್ಯಾಟಿಕ್ ಕಾರಿನಲ್ಲಿ ಎಲ್ ಸ್ಥಾನ ಅಥವಾ ಕೈಯಿಂದ ಗೇರು ಬದಲಿಸುವ ವಿಧಾನ ಇರುವುದು ಇದಕ್ಕಾಗಿಯೇ, ಆದರೆ ಅದನ್ನು ಒಮ್ಮೆಯೂ ಮುಟ್ಟದವರನ್ನು ನಾನು ಕಂಡಿದ್ದೇನೆ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಇಳಿಯುವುದು, ಅದಕ್ಕಿಂತ ಕೆಟ್ಟದಾಗಿ ಎಂಜಿನ್ ಆರಿಸಿ ಇಳಿಯುವುದು ಆತ್ಮಹತ್ಯೆಗೆ ಸಮೀಪದ ಕೆಲಸ. ಎಂಜಿನ್ ನಿಂತ ಮೇಲೆ ಎರಡು ಮೂರು ಒತ್ತಿಗೆ ಬ್ರೇಕಿನ ನೆರವು ಮುಗಿಯುತ್ತದೆ, ಸ್ಟೇರಿಂಗೂ ಕಲ್ಲಾಗುತ್ತದೆ. ಸುಟ್ಟ ವಾಸನೆ ಬಂದರೆ ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಿಲ್ಲಿರಿ. ಬಿಸಿಯಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು. ಕಿರಿದಾದ ಏರಿನಲ್ಲಿ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ಸೌಜನ್ಯ ಮಾತ್ರವಲ್ಲ, ಕಾನೂನು.

ನಿಲ್ಲುವ ಜಾಗವನ್ನೂ ನೋಡಿ ಆರಿಸಬೇಕು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದಾಗ ಬಲಿಯಾದವರಲ್ಲಿ ರಸ್ತೆ ಬದಿಯ ಚಹಾದಂಗಡಿಯವರೂ ಅಲ್ಲಿ ವಾಹನ ನಿಲ್ಲಿಸಿದ್ದವರೂ ಇದ್ದರು. ರಸ್ತೆಗಾಗಿ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯ ಕೆಳಗೆ, ಅದರಲ್ಲಿಯೂ ಕೆಸರು ನೀರು ಜಿನುಗುತ್ತಿರುವಲ್ಲಿ, ಜಲಪಾತದ ಫೋಟೋಗೆಂದು ಕಾರು ನಿಲ್ಲಿಸಬೇಡಿ. ಹೊರಡುವ ಮುನ್ನ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಹಲವೆಡೆ ಗುಡ್ಡ ಜರಿದು ಸಂಚಾರ ನಿಂತಿತ್ತು, ಆಮೇಲೂ ಮಳೆಗಾಲದಲ್ಲಿ ನಿರ್ಬಂಧಗಳು ಬಂದುಹೋಗುತ್ತಿವೆ. ಘಾಟಿಯ ನಡುವೆ ಮೊಬೈಲ್ ಸಿಗ್ನಲ್ ಸಿಗದ ಜಾಗಗಳೇ ಹೆಚ್ಚಾದ್ದರಿಂದ ಮನೆಯವರಿಗೆ ಹೇಳುವುದನ್ನು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗಲೇ ಹೇಳಿಬಿಡುವುದು ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033, ಬೇರೆ ತುರ್ತಿಗೆ 112.

ಮಂಜು ಮುಸುಕಿದಾಗ ದೀಪ ಕೆಳಗಿನ ಬೀಮಿನಲ್ಲಿರಲಿ. ಮೇಲಿನ ಬೀಮು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ಅಭ್ಯಾಸ ನಮ್ಮ ಹೆದ್ದಾರಿಗಳಲ್ಲಿ ಅಂಟುರೋಗದಂತೆ ಹಬ್ಬಿದೆ. ಹಾಗೆ ಮಾಡಿದವರು ಎಡಕ್ಕೆ ತಿರುಗುತ್ತಾರೋ ಬಲಕ್ಕೋ, ಓಡುತ್ತಿದ್ದಾರೋ ನಿಂತಿದ್ದಾರೋ ಹಿಂದಿನವರಿಗೆ ತಿಳಿಯುವುದಿಲ್ಲ. ಅದು ನಿಂತ ವಾಹನದ ಗುರುತು.

ನಿಂತ ನೀರು ಎದುರಾದಾಗ

2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಕೆರೆಯಾಯಿತು. ಮರು ವಾರವೇ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿ ಬೆಲೆಯ ಕಾರುಗಳೂ ಮನೆಯ ಮುಂದೆ ಮುಳುಗಿದವು. 2023ರ ಮೇ 21ರಂದು ನಗರದ ಹೃದಯಭಾಗದಲ್ಲಿರುವ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನೀರಿಗೆ ಸಿಲುಕಿದ ಕಾರಿನಲ್ಲಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ಅಂಡರ್‌ಪಾಸಿನಲ್ಲಿ ಆಳ ನಡುವೆಯೇ ಹೆಚ್ಚು. ಅಂಚಿನಲ್ಲಿ ನಿಂತು ನೋಡಿದವರಿಗೆ ಅದು ತಿಳಿಯುವುದಿಲ್ಲ. ಆದುದರಿಂದ ನೀರು ತುಂಬಿದ ಅಂಡರ್‌ಪಾಸಿನ ವಿಷಯದಲ್ಲಿ ಲೆಕ್ಕಾಚಾರ ಬೇಡ, ತಿರುಗಿ ಹೋಗಿ. ಸೇತುವೆಯ ಮೇಲೆ ಹರಿಯುವ ನೀರಿಗೂ ಇದೇ ಮಾತು: ಒಂದು ಅಡಿ ಹರಿವು ಸಣ್ಣ ಕಾರನ್ನು ತೇಲಿಸಬಲ್ಲದು, ಎರಡು ಅಡಿಗೆ ಜೀಪಿನಂಥವೂ ಉಳಿಯುವುದು ಕಷ್ಟ.

ಸಮತಟ್ಟಾದ ರಸ್ತೆಯಲ್ಲಿ, ಎದುರಿನಿಂದ ಬರುವ ಕಾರುಗಳ ಚಕ್ರದ ನಡುಭಾಗ ಕಾಣುತ್ತಿದ್ದರೆ ಮಾತ್ರ ದಾಟಲು ಯೋಚಿಸಬಹುದು. ಮೊದಲ ಗೇರಿಗೆ ಹಾಕಿ, ಆಕ್ಸಿಲರೇಟರನ್ನು ಒಂದೇ ಸಮನಾಗಿ ಒತ್ತಿಟ್ಟು, ನಡುವೆ ಗೇರು ಬದಲಿಸದೆ ನಿಧಾನವಾಗಿ ಸಾಗಬೇಕು. ಪಕ್ಕದಲ್ಲಿ ಬಸ್ಸೋ ಲಾರಿಯೋ ಇದ್ದರೆ ಅದು ಮುಂದೆ ಹೋಗುವವರೆಗೆ ಕಾಯಿರಿ, ಏಕೆಂದರೆ ಅದರ ಚಕ್ರಗಳು ಎಬ್ಬಿಸುವ ಅಲೆ ನಿಮ್ಮ ಬಾನೆಟ್ಟಿನ ಎತ್ತರಕ್ಕೆ ಬರಬಹುದು. ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಒತ್ತಿದರೆ ಅದರ ತೇವ ಆರುತ್ತದೆ.

ನೀರಿನ ನಡುವೆ ಎಂಜಿನ್ ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಇಡೀ ಬರಹದಲ್ಲಿ ಒಂದು ಮಾತನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಎಂಜಿನ್ ಗಾಳಿ ಎಳೆಯುವ ಬಾಯಿ ಅನೇಕ ಕಾರುಗಳಲ್ಲಿ ಮುಂದಿನ ಗ್ರಿಲ್ಲಿನ ಹಿಂದೆಯೇ ಇದೆ. ಅಲ್ಲಿಂದ ನೀರು ಸಿಲಿಂಡರಿಗೆ ಇಳಿದರೆ, ಗಾಳಿಯನ್ನು ಅಮುಕುವಂತೆ ನೀರನ್ನು ಅಮುಕಲಾಗದ ಕಾರಣ ಮೇಲೇರುವ ಪಿಸ್ಟನ್ ಗೋಡೆಗೆ ಬಡಿದಂತೆ ನಿಲ್ಲುತ್ತದೆ; ಆಗ ಕೀಲಿ ತಿರುಗಿಸಿದರೆ ಪಿಸ್ಟನ್ನಿಗೆ ಕೂಡಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಾನಾಗಿ ನಿಂತ ಎಂಜಿನ್ನಿಗೆ ಹಲವು ವೇಳೆ ಏನೂ ಆಗಿರುವುದಿಲ್ಲ. ಹಿಂದಿನವರ ಹಾರ್ನಿಗೆ ಕೈ ನಡುಗಿ ಎರಡು ಸಲ ತಿರುಗಿಸಿದ ಕೀಲಿಯೇ ಸಾವಿರಗಳಲ್ಲಿ ಮುಗಿಯಬೇಕಿದ್ದ ಖರ್ಚನ್ನು ಲಕ್ಷಕ್ಕೆ ಏರಿಸುತ್ತದೆ.

ಬದಲಾಗಿ ಹೀಗೆ ಮಾಡಿರಿ. ಇಗ್ನಿಷನ್ ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ನಾಲ್ಕು ಜನ ಸಿಕ್ಕರೆ ಕಾರನ್ನು ಎತ್ತರದ ಜಾಗಕ್ಕೆ ತಳ್ಳಿಸಿ. ನೀರು ಏರುತ್ತಿದ್ದರೆ ಕಾರಿನ ಚಿಂತೆ ಬಿಟ್ಟು, ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಯುತ್ತಿರುವಾಗಲೇ ಇಳಿಸಿ ಹೊರಬನ್ನಿ. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದಾದ್ದರಿಂದ ಒಡೆದರೂ ಬೀಳುವುದಿಲ್ಲ. ಇದಕ್ಕೆಂದೇ ಸಿಗುವ ಸಣ್ಣ ಸುತ್ತಿಗೆಯನ್ನು ಡಿಕ್ಕಿಯಲ್ಲಿಡದೆ ಚಾಲಕನ ಕೈಗೆಟಕುವಲ್ಲಿ ಇಡಿ. ಕಾರು ಎತ್ತರಕ್ಕೆ ಬಂದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಕಳಚಿ, ನೀರು ಎಲ್ಲಿಯವರೆಗೆ ಬಂದಿತ್ತೆಂದು ತೋರುವ ಫೋಟೋ ತೆಗೆದು, ವಿಮೆ ಕಂಪನಿಗೆ ತಿಳಿಸಿ, ಕಾರನ್ನು ಪೂರ್ತಿಯಾಗಿ ಮೇಲೆ ಹೊತ್ತೊಯ್ಯುವ ಟೋಯಿಂಗ್ ವಾಹನವನ್ನು ಕರೆಸಿ. ಗ್ಯಾರೇಜಿನಲ್ಲಿ ಮೊದಲು ಡಿಪ್‌ಸ್ಟಿಕ್ ಎಳೆದು ತೋರಿಸಲು ಹೇಳಿರಿ. ಆಯಿಲ್ಲು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರದಬ್ಬಿದ ನಂತರವೇ ಮುಂದಿನ ಕೆಲಸ.

ವಿಮೆಯ ವಿಷಯವನ್ನು ಮೇ ತಿಂಗಳಲ್ಲಿಯೇ ನೋಡಿಕೊಳ್ಳಬೇಕು. ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಕಾರಿನ ನೆರೆಹಾನಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಸಮಗ್ರ ವಿಮೆ ನೆರೆಹಾನಿಗೆ ಒದಗುತ್ತದೆಯಾದರೂ, ನೀರು ಹೊಕ್ಕ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿಯನ್ನು ಮಾಲೀಕನೇ ತಂದುಕೊಂಡದ್ದೆಂದು ಬದಿಗಿರಿಸುವುದು ಸಾಮಾನ್ಯ. ಅದಕ್ಕಾಗಿ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆಯನ್ನು ಬೇರೆಯಾಗಿ ಕೊಳ್ಳಬೇಕು. ಹಳೆಯ ಕಾರುಗಳಿಗೆ ಇದು ಸಿಗದೆಯೂ ಹೋಗಬಹುದು.

ನಿಂತೇ ಇರುವ ಕಾರು

ವಾರಗಟ್ಟಲೆ ಮಳೆ ಹೊಯ್ದು ಕಾರು ಶೆಡ್ಡಿನಲ್ಲಿಯೇ ಉಳಿಯುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಹಿಂದಿನ ಬ್ರೇಕು ತುಕ್ಕಿನಿಂದ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು. ಬೆಳಗ್ಗೆ ಹೊರಡುವಾಗ ಬ್ರೇಕಿನಿಂದ ಕರಕರ ಸದ್ದು ಬಂದು ನಾಲ್ಕೈದು ಸಲ ಒತ್ತಿದ ಮೇಲೆ ನಿಂತುಹೋದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಹೆದರಬೇಕಾದ್ದಿಲ್ಲ.

ಹೊರಗೆ ಮಳೆ ಹಿಡಿದಾಗ ಇಲಿಗಳಿಗೆ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆಯ ಮನೆ ಸಿಗುವುದಿಲ್ಲ, ವೈರುಗಳು ಅವುಗಳ ಹಲ್ಲಿಗೆ ಸಿಗುತ್ತವೆ. ನಮ್ಮ ಕಡೆ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನೊಳಗೆ ತೂಗುಬಿಡುತ್ತಾರೆ. ವಾಸನೆ ಇರುವಷ್ಟು ದಿನ ಅದು ಕೆಲಸ ಮಾಡುತ್ತದೆಂಬುದು ನನ್ನ ಅನುಭವ. ಆದರೆ ಬಿಸಿ ಭಾಗಗಳಿಗೂ ತಿರುಗುವ ಬೆಲ್ಟಿಗೂ ತಾಗದಂತೆ ಕಟ್ಟಬೇಕು, ಹದಿನೈದು ದಿನಕ್ಕೊಮ್ಮೆ ಬದಲಿಸಬೇಕು. ರಾತ್ರಿ ಬಾನೆಟ್ ಎತ್ತಿಡುವುದು ಅದಕ್ಕಿಂತ ಉತ್ತಮ, ಏಕೆಂದರೆ ಬೆಳಕು ಗಾಳಿ ಇರುವಲ್ಲಿ ಇಲಿ ಗೂಡು ಕಟ್ಟುವುದಿಲ್ಲ.

ನಡುವೆ ಬಿಸಿಲು ಬಿದ್ದ ದಿನ ನಾಲ್ಕೂ ಬಾಗಿಲು ತೆರೆದಿಟ್ಟು, ಮ್ಯಾಟುಗಳನ್ನು ಅಂಗಳದ ತಂತಿಗೆ ಹಾಕಿ, ಡಿಕ್ಕಿಯ ತಳದ ಹಲಗೆಯನ್ನೂ ಎತ್ತಿ ನೋಡಿ. ಹಿಂದಿನ ದೀಪದ ರಬ್ಬರು ಸಡಿಲವಾಗಿದ್ದರೆ ನೀರು ಸದ್ದಿಲ್ಲದೆ ಸ್ಟೆಪ್ನಿ ಕೂರುವ ಗುಂಡಿಗೆ ಇಳಿದಿರುತ್ತದೆ. ನನ್ನ ಹಳೆಯ ಕಾರಿನಲ್ಲಿ ಅದು ಪತ್ತೆಯಾದದ್ದು ದೀಪಾವಳಿಯ ಹಿಂದಿನ ದಿನ, ಕಡೂರಿನ ಬಳಿ ಪಂಕ್ಚರಾಗಿ ಸ್ಟೆಪ್ನಿ ತೆಗೆಯಲು ಹೋದಾಗ. ಜಾಕಿಯ ತಿರುಪು ತುಕ್ಕು ಹಿಡಿದು ತಿರುಗಲಿಲ್ಲ, ಸ್ಪ್ಯಾನರನ್ನು ಒಂದು ಟ್ರ್ಯಾಕ್ಟರಿನವರಿಂದ ಕಡ ಪಡೆಯಬೇಕಾಯಿತು.